ಒಂದೇ ಪೆಟ್ಟಿಗೆ ಮೂರು ಸಲ ಪಾಲಾಯಿತು, ಯಾಕೆ?

ಪ್ರಶ್ನೆ: ಸರ್, ನಮ್ಮದು ಖಾನಾಪುರ ತಾಲೂಕಿನ ಜಾಂಬೋಟಿ ಕಡೆಯ ಹಳ್ಳಿ. ಮನೆ ಹಿಂದಿನ ಗೇರು ತೋಪಿನಲ್ಲಿ ಎರಡು ತುಡುವೆ ಜೇನು ಪೆಟ್ಟಿಗೆ ಇಟ್ಟಿದ್ದೇನೆ. ಜನವರಿ 18ಕ್ಕೆ ಒಂದು ಪೆಟ್ಟಿಗೆ ಪಾಲಾಯಿತು, ಅಂದರೆ ಒಳಗಿನ ಒಂದಷ್ಟು ಹುಳ ಗುಂಪಾಗಿ ಎದ್ದು ಹೊರಟವು. ಗುಂಪು ಗೇರಿನ ಟೊಂಗೆಗೆ ಕೂತಿತ್ತು, ಹಿಡಿದು ಹೊಸ ಪೆಟ್ಟಿಗೆಗೆ ಹಾಕಿದೆ. ಹಳೇ ಪೆಟ್ಟಿಗೆಯ ಎರಿಗಳ (ಮೇಣದ ಹಲ್ಲೆಗಳ) ಕೆಳಗೆ ಹೊಸ ರಾಣಿ ಬೆಳೆಯುವ ಏಳೆಂಟು ರಾಣಿ ಕೋಶ ಕಂಡವು, ಹಾಗೇ ಬಿಟ್ಟೆ. ಇನ್ನು ಮುಗೀತು ಅಂದುಕೊಂಡಿದ್ದೆ. 27ಕ್ಕೆ ಅದೇ ಹಳೇ ಪೆಟ್ಟಿಗೆಯಿಂದ ಇನ್ನೊಂದು ಗುಂಪು ಎದ್ದಿತು. ಅದನ್ನೂ ಹಿಡಿದೆ. 29ಕ್ಕೆ ಮೂರನೇದು ಎದ್ದು ಮಾವಿನ ಮರದ ತುದಿಗೆ ಕೂತಿತು. ಅರ್ಧ ತಾಸಿನಲ್ಲಿ ಕಾಡಿನ ಕಡೆ ಹೋಗೇಬಿಟ್ಟಿತು. ಈಗ ಹಳೇ ಪೆಟ್ಟಿಗೆಯಲ್ಲಿ ಎರಡು ಎರಿ ಮುಚ್ಚುವಷ್ಟು ಹುಳ ಉಳಿದಿದೆ. ಒಂದು ಸಲ ಪಾಲಾದ ಪೆಟ್ಟಿಗೆ ಆ ವರ್ಷ ಮತ್ತೆ ಪಾಲಾಗುವುದಿಲ್ಲ ಅಂತ ಕೇಳಿದ್ದೆ. ಮತ್ತೆ ಹೀಗ್ಯಾಕೆ ಆಯಿತು? ಈ ಜಾಗ ಜೇನಿಗೆ ಆಗಿಬರುವುದಿಲ್ಲ, ಪೆಟ್ಟಿಗೆ ತೆಗೆದುಬಿಡು ಅಂತ ನಮ್ಮ ಮಾವನವರು ಹೇಳುತ್ತಿದ್ದಾರೆ.

ಉತ್ತರ: ಅಕ್ಕಾರೆ, ಮೊದಲು ನಿಮ್ಮ ಮಾವನವರ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ಜಾಗ ಹಿಡಿಸದ ಜೇನು ಪಾಲಾಗುವುದಿಲ್ಲ. ಪೆಟ್ಟಿಗೆಯನ್ನೇ ಬಿಟ್ಟು ಓಡಿಹೋಗುತ್ತದೆ. ಹಾಗೆ ಓಡಿಹೋದರೆ ಒಳಗೆ ಹುಳ ಉಳಿಯುವುದಿಲ್ಲ, ಎರಿಯಲ್ಲಿ ತುಪ್ಪ ಸಿಗುವುದಿಲ್ಲ, ರಾಣಿ ಕೋಶವಂತೂ ಕಾಣುವುದೇ ಇಲ್ಲ. ನಿಮ್ಮಲ್ಲಿ ಆದದ್ದು ಇದರ ಉಲ್ಟಾ. ಮೇವು ಚೆನ್ನಾಗಿತ್ತು, ಮರಿ ತುಂಬಿತ್ತು, ಪೆಟ್ಟಿಗೆಗೆ ಹಿಡಿಸಲಾರದಷ್ಟು ಹುಳ ಆಯಿತು. ಅದಕ್ಕೇ ಪಾಲಾಯಿತು. ನಿಮ್ಮ ಗೇರು ತೋಪು ಜೇನಿಗೆ ಆಗಿಬಂದ ಜಾಗ. ಪೆಟ್ಟಿಗೆ ತೆಗೆಯಬೇಡಿ.

ಇನ್ನು ನಿಮ್ಮ ಪ್ರಶ್ನೆ. ಚಿಕ್ಕದಾಗಿ ಹೇಳುವುದಾದರೆ, 18ನೇ ತಾರೀಕು ಮೊದಲನೇ ಪಾಲು ಹೋದಾಗ ಹಳೇ ಪೆಟ್ಟಿಗೆಯಲ್ಲಿ ಏಳೆಂಟು ರಾಣಿ ಕೋಶ ಉಳಿದವು. ಜೊತೆಗೆ ಇನ್ನೂ ಹುಟ್ಟಬೇಕಾದ ಸಾವಿರಾರು ಮರಿ ಉಳಿದವು. ರಾಣಿಯರೂ ಇದ್ದಾರೆ, ಅವರ ಹಿಂದೆ ಕಳಿಸಲು ಹುಳವೂ ಹುಟ್ಟುತ್ತಿವೆ. ಇವೆರಡೂ ಇರುವ ತನಕ ಪೆಟ್ಟಿಗೆ ಮತ್ತೆ ಪಾಲಾಗಬಹುದು. ಆಗಬೇಕೋ ಬೇಡವೋ ಅನ್ನುವುದನ್ನು ಕೆಲಸಗಾರ ಹುಳಗಳೇ ತೀರ್ಮಾನ ಮಾಡುತ್ತವೆ, ರಾಣಿ ಅಲ್ಲ. ಒಂದು ಸಲ ಪಾಲಾದರೆ ಮತ್ತೆ ಆಗುವುದಿಲ್ಲ ಅನ್ನುವ ಮಾತು ಬಲ ಕಡಿಮೆ ಇರುವ ಪೆಟ್ಟಿಗೆಗೆ ನಿಜ. ಬಲವಾದ ಪೆಟ್ಟಿಗೆಗೆ ನಿಜ ಅಲ್ಲ.

ನೀವು ತಾರೀಕು ಬರೆದಿಟ್ಟಿದ್ದು ಬಹಳ ಒಳ್ಳೆಯದಾಯಿತು. 18, 27, 29. ಈ ಮೂರು ತಾರೀಕು ನೋಡಿದರೆ ಸಾಕು, ಪೆಟ್ಟಿಗೆಯೊಳಗೆ ಏನೇನು ನಡೆಯಿತು ಅಂತ ದಿನದ ಲೆಕ್ಕದಲ್ಲಿ ಹೇಳಬಹುದು.

ರಾಣಿ ಹುಟ್ಟಲು ಹೆಚ್ಚುಕಡಿಮೆ 16 ದಿನ ಬೇಕು. ಮೂರು ದಿನ ಮೊಟ್ಟೆ, ಐದು ದಿನ ಮರಿ. ಆಮೇಲೆ ಕೋಶದ ಬಾಯಿಗೆ ಮೇಣ ಮುಚ್ಚುತ್ತವೆ, ಮುಚ್ಚಿದ ಕೋಶದೊಳಗೆ ಏಳೆಂಟು ದಿನ. ಮೊದಲನೇ ಪಾಲು ಹೊರಡುವುದು ಸಾಮಾನ್ಯವಾಗಿ ಮೊದಲ ಕೋಶದ ಬಾಯಿ ಮುಚ್ಚುವ ಹೊತ್ತಿಗೆ. ಅಂದರೆ ನಿಮ್ಮಲ್ಲಿ 18ರ ಆಸುಪಾಸು. ಅಲ್ಲಿಂದ ಏಳೆಂಟು ದಿನ ಎಣಿಸಿ. 25 ಅಥವಾ 26ಕ್ಕೆ ಮೊದಲ ಹೊಸ ರಾಣಿ ಹೊರಗೆ ಬಂದಿರಬೇಕು. 27ಕ್ಕೆ ಅವಳೇ ಎರಡನೇ ಪಾಲಿನ ಜೊತೆ ಹೊರಟಿದ್ದಾಳೆ. ಎರಡು ದಿನ ಬಿಟ್ಟು ಅವಳ ತಂಗಿ ಮೂರನೇ ಪಾಲು ಕಟ್ಟಿಕೊಂಡು ಹೋಗಿದ್ದಾಳೆ. ಮೊದಲನೇ ಮತ್ತು ಎರಡನೇ ಪಾಲಿನ ನಡುವೆ ಒಂದು ವಾರದ ಮೇಲೆ ಬಿಡುವು, ಎರಡನೇ ಮತ್ತು ಮೂರನೇದರ ನಡುವೆ ಬರೀ ಒಂದೆರಡು ದಿನ. ಬಹುತೇಕ ಎಲ್ಲ ಪೆಟ್ಟಿಗೆಯಲ್ಲೂ ಹೀಗೇ ಇರುತ್ತದೆ. ಮೊದಲ ಸಲ ರಾಣಿ ಇನ್ನೂ ತಯಾರಾಗಬೇಕಿತ್ತು. ಆಮೇಲೆ ತಯಾರಾದ ರಾಣಿಯರು ಸಾಲಾಗಿ ಕಾದು ಕೂತಿರುತ್ತಾರೆ.

ಮೊದಲನೇ ಪಾಲಿನಲ್ಲಿ ಹೋಗುವುದು ಹಳೇ ತಾಯಿ. ಹೊಸಬರು ಇದನ್ನು ತಪ್ಪಾಗಿ ತಿಳಿದಿರುತ್ತಾರೆ. ನಮ್ಮ ಮನೆಗಳಲ್ಲಿ ಮಗಳು ಹೊರಡುತ್ತಾಳೆ, ತಾಯಿ ಮನೆಯಲ್ಲಿರುತ್ತಾಳೆ. ಜೇನಿನಲ್ಲಿ ಕಟ್ಟಿದ ಎರಿ, ಕೂಡಿಟ್ಟ ತುಪ್ಪ, ಸಾಕಿದ ಮರಿ ಎಲ್ಲವನ್ನೂ ಮಗಳಿಗೆ ಬಿಟ್ಟು ತಾಯಿಯೇ ಹೊಸ ಜಾಗ ಹುಡುಕಿ ಹೊರಡುತ್ತಾಳೆ. ಹೊರಡುವ ಕೆಲವು ದಿನ ಮೊದಲೇ ಕೆಲಸಗಾರರು ಅವಳಿಗೆ ಊಟ ಕಡಿಮೆ ಮಾಡುತ್ತವೆ. ಅವಳು ಮೊಟ್ಟೆ ಇಡುವುದು ಕಡಿಮೆಯಾಗಿ ಹೊಟ್ಟೆ ಸಣ್ಣದಾಗುತ್ತದೆ, ಹಾರಲು ಬರುತ್ತದೆ. ಜೊತೆಗೆ ಅರ್ಧಕ್ಕಿಂತ ಜಾಸ್ತಿ ಹುಳ ಹೋಗುತ್ತವೆ. ಯುರೋಪಿನ ಜೇನಿನಲ್ಲಿ ಎಣಿಸಿ ನೋಡಿದವರು ಸುಮಾರು ಮುಕ್ಕಾಲು ಪಾಲು ಹುಳ ಹೋಗುತ್ತವೆ ಅಂತ ಕಂಡಿದ್ದಾರೆ.

ಅಷ್ಟೆಲ್ಲ ಹೋದ ಮೇಲೂ ಮತ್ತೆ ಎರಡು ಪಾಲು ಎಲ್ಲಿಂದ ಬಂತು? ಮೊದಲ ಪಾಲು ಹೋದ ದಿನ ಪೆಟ್ಟಿಗೆ ತೆರೆದರೆ ಹುಳ ಕಡಿಮೆ ಕಾಣುತ್ತವೆ. ಆದರೆ ಎರಿಗಳ ಮೇಲೆ ಬೆರಳಾಡಿಸುವಂತೆ ಕಣ್ಣಾಡಿಸಿ. ಕಣಗಳ ಬಾಯಿ ಮುಚ್ಚಿ, ತೆಳು ಕಂದು ಬಣ್ಣದ ಮೇಣದ ಹೊದಿಕೆ ಈ ತುದಿಯಿಂದ ಆ ತುದಿವರೆಗೆ ಹರಡಿರುತ್ತದೆ. ಅದರ ಕೆಳಗೆ ಒಂದೊಂದು ಕಣದಲ್ಲೂ ಒಂದೊಂದು ಹುಳ ತಯಾರಾಗುತ್ತಿದೆ. ಎರಡೂ ಬದಿ ಹೀಗೆ ಮುಚ್ಚಿದ ಮರಿ ತುಂಬಿದ ಒಂದು ಎರಿ ಪೂರ್ತಿ ಹುಟ್ಟಿದರೆ, ನನ್ನ ಅಂದಾಜಿನಲ್ಲಿ ಒಂದೂವರೆ ಎರಡು ಎರಿ ಮುಚ್ಚುವಷ್ಟು ಹುಳ ಆಗುತ್ತವೆ. ತಾಯಿ ಹೋದ ಮೇಲೆ ಸುಮಾರು ಮೂರು ವಾರ ಹೀಗೆ ದಿನಾಲೂ ಹುಳ ಹುಟ್ಟುತ್ತಲೇ ಇರುತ್ತವೆ. ಒಂಬತ್ತು ದಿನ ಆಗುವಷ್ಟರಲ್ಲಿ ನಿಮ್ಮ ಪೆಟ್ಟಿಗೆ ಮತ್ತೆ ತುಂಬಿಬಂದಿತ್ತು. ನೀವು ಹೊರಗಿನಿಂದ ನೋಡಿ 'ಖಾಲಿ ಆಯ್ತು' ಅಂದುಕೊಂಡಿರಿ. ಒಳಗಿನ ಹುಳಗಳಿಗೆ ಹಾಗೆ ಅನ್ನಿಸಲಿಲ್ಲ.

ಈಗ ಎರಡನೇ ಪಾಲಿನ ಒಳಗುಟ್ಟು. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಜೇನು ಸಾಕುವುದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು.

ಮೊದಲು ಹುಟ್ಟಿದ ರಾಣಿಗೆ ಸಹಜವಾಗಿ ಒಂದೇ ಆಸೆ. ಉಳಿದ ಕೋಶಗಳನ್ನು ಹುಡುಕಿ, ಪಕ್ಕದಲ್ಲಿ ಕಚ್ಚಿ ತೂತು ಮಾಡಿ, ಒಳಗಿನ ತಂಗಿಯರನ್ನು ಕುಟುಕಿ ಸಾಯಿಸುವುದು. ಬಿಟ್ಟರೆ ಒಂದೇ ದಿನದಲ್ಲಿ ಕೆಲಸ ಮುಗಿಸುತ್ತಾಳೆ. ಆಗ ಒಬ್ಬಳೇ ರಾಣಿ ಉಳಿಯುತ್ತಾಳೆ, ಎರಡನೇ ಪಾಲಿನ ಮಾತೇ ಇರುವುದಿಲ್ಲ. ಆದರೆ ಪೆಟ್ಟಿಗೆಯಲ್ಲಿ ಇನ್ನೂ ಬಲ ಇದೆ ಅಂತ ಕಂಡರೆ ಕೆಲಸಗಾರ ಹುಳಗಳು ಅವಳನ್ನು ಬಿಡುವುದಿಲ್ಲ. ಉಳಿದ ಕೋಶಗಳ ಸುತ್ತ ಗುಂಪುಗೂಡಿ ಕಾವಲು ನಿಲ್ಲುತ್ತವೆ. ಅವಳು ಹತ್ತಿರ ಬಂದರೆ ಕಾಲೆಳೆದು, ತಳ್ಳಿ, ಕಚ್ಚಿ ದೂರ ಅಟ್ಟುತ್ತವೆ.

ಕೋಶದೊಳಗಿನ ತಂಗಿಯರನ್ನೂ ಹೊರಗೆ ಬಿಡುವುದಿಲ್ಲ. ಒಳಗಿನ ರಾಣಿ ತಯಾರಾಗಿ ಕೋಶದ ತುದಿಯನ್ನು ಸುತ್ತಲೂ ಕೊರೆಯುತ್ತಾಳೆ. ಕೆಲಸಗಾರರು ಹೊರಗಿನಿಂದ ಆ ಗೀರಿಗೆ ಮತ್ತೆ ಮೇಣ ಮೆತ್ತುತ್ತವೆ. ಸಣ್ಣ ಸಂದು ಮಾತ್ರ ಬಿಡುತ್ತವೆ. ಅವಳು ಅದರಿಂದ ನಾಲಿಗೆ ಹೊರಗೆ ಚಾಚುತ್ತಾಳೆ, ಇವು ಊಟ ಕೊಡುತ್ತವೆ. ಹೀಗೆ ಹುಟ್ಟಲು ತಯಾರಾದ ರಾಣಿ ಒಂದೆರಡು ದಿನ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಕೋಶದೊಳಗೇ ಇರುತ್ತಾಳೆ.

ಆಗ ಕೂಗು ಶುರುವಾಗುತ್ತದೆ. ಹೊರಗಿರುವ ರಾಣಿ ಎದೆಯನ್ನು ಎರಿಗೆ ಒತ್ತಿ, ರೆಕ್ಕೆ ಬಿಚ್ಚದೆ ರೆಕ್ಕೆಯ ಸ್ನಾಯುಗಳನ್ನು ಮಾತ್ರ ನಡುಗಿಸುತ್ತಾಳೆ. 'ಪೀಽಽ' ಅಂತ ಒಂದು ಉದ್ದನೆಯ ಸ್ವರ, ಅದರ ಹಿಂದೆ 'ಪೀ ಪೀ ಪೀ' ಅಂತ ಚಿಕ್ಕ ಚಿಕ್ಕವು. ಕೋಶದೊಳಗಿನ ತಂಗಿಯರು ಅದಕ್ಕೆ ಒರಟಾದ ತುಂಡು ಸ್ವರದಲ್ಲಿ ಉತ್ತರ ಕೊಡುತ್ತಾರೆ, 'ಕ್ವಾ ಕ್ವಾ ಕ್ವಾ'. ಕಣಕುಂಬಿ ಹತ್ತಿರ ರೈತರೊಬ್ಬರ ಮನೆಯಲ್ಲಿ ಒಂದು ಫೆಬ್ರವರಿ ರಾತ್ರಿ ನಾನು ಇದನ್ನು ಮೊದಲ ಸಲ ಸರಿಯಾಗಿ ಕೇಳಿಸಿಕೊಂಡೆ. ಎಂಟು ದಿನದ ಹಿಂದೆ ಅವರ ಪೆಟ್ಟಿಗೆ ಪಾಲಾಗಿತ್ತು. ಊಟ ಮುಗಿಸಿ, ಬ್ಯಾಟರಿ ಆರಿಸಿ, ಪೆಟ್ಟಿಗೆಯ ಪಕ್ಕಕ್ಕೆ ಕಿವಿ ಹಚ್ಚಿ ಕೂತೆವು. ಮೊದಲು ಬರೀ ಹುಳಗಳ ಗುಂಯ್ ಸದ್ದು. ಆಮೇಲೆ ಆ ಸದ್ದಿನ ನಡುವೆ, ಜಾತ್ರೆಯಲ್ಲಿ ಮಕ್ಕಳು ಊದುವ ಪೀಪಿಯನ್ನು ದೂರದಿಂದ ಕೇಳಿದ ಹಾಗೆ ಒಂದು ಸ್ವರ ಬಂತು. ಅದು ಬಂದ ಕೂಡಲೇ ಗುಂಯ್ ಸದ್ದು ತಗ್ಗಿತು. ರಾಣಿ ಕೂಗಿದಾಗ ಸುತ್ತಲಿನ ಹುಳಗಳು ಇದ್ದಲ್ಲೇ ಗಪ್ಪಾಗಿ ನಿಲ್ಲುತ್ತವೆ. ಮರುದಿನ ಬಿಸಿಲೇರಿದ ಮೇಲೆ ಆ ಪೆಟ್ಟಿಗೆ ಎರಡನೇ ಸಲ ಪಾಲಾಯಿತು.

ಹುಳ ಹೀಗೆ ಗಪ್ಪಾಗುವುದನ್ನು ಬಹಳ ಹಿಂದೆಯೇ ಬರೆದಿಟ್ಟವರು ಜಿನೀವಾದ ಫ್ರಾಂಸ್ವಾ ಹ್ಯೂಬರ್. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಸಹಾಯಕ ಬರ್ನೆನ್ಸ್ ನೋಡಿ ಹೇಳುವುದು, ಹ್ಯೂಬರ್ ಪ್ರಶ್ನೆ ಕೇಳುವುದು, ಬರ್ನೆನ್ಸ್ ಮತ್ತೆ ನೋಡುವುದು. 1792ರಲ್ಲಿ ಅವರ ಪುಸ್ತಕ ಬಂತು. ಆದರೆ ಈ ಕೂಗು ಯಾರಿಗಾಗಿ ಅನ್ನುವ ಪ್ರಶ್ನೆ ಮಾತ್ರ ಬಹಳ ಕಾಲ ಉಳಿಯಿತು. ರಾಣಿಯರು ಒಬ್ಬರಿಗೊಬ್ಬರು ಸವಾಲು ಹಾಕುತ್ತಾರೆ ಅಂತ ಬಹಳ ಜನ ತಿಳಿದಿದ್ದರು. 2020ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದವರು, ಎರಿಯೊಳಗೇ ನಡುಕ ಅಳೆಯುವ ಸೆನ್ಸರ್ ಹುದುಗಿಸಿ ತಾವು ಕಂಡದ್ದನ್ನು ಪ್ರಕಟಿಸಿದರು. ಅವರ ಪ್ರಕಾರ ಈ ಕೂಗನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕೆಲಸಗಾರ ಹುಳಗಳು. 'ಪೀ' ಕೇಳುತ್ತಿರುವ ತನಕ ಹೊರಗೆ ಒಬ್ಬ ರಾಣಿ ಇದ್ದಾಳೆ ಅಂತ ಅರ್ಥ, ಆದ್ದರಿಂದ ಕೋಶದೊಳಗಿನ ರಾಣಿಯರನ್ನು ಬಿಡುವುದಿಲ್ಲ. ಆ ರಾಣಿ ಪಾಲಿನ ಜೊತೆ ಹೊರಟ ಮೇಲೆ 'ಪೀ' ನಿಲ್ಲುತ್ತದೆ. ಆಗ ಇನ್ನೊಬ್ಬಳನ್ನು ಹೊರಗೆ ಬಿಡುತ್ತವೆ. ಅವಳು ಬಂದು 'ಪೀ' ಶುರು ಮಾಡುತ್ತಾಳೆ. ಅವರು ನೋಡಿದ್ದು ಯುರೋಪಿನ ಜೇನು. ನಮ್ಮ ತುಡುವೆ ಅದರ ಹತ್ತಿರದ ಬಳಗ, ರಾಣಿಯರು ಕೂಗುವುದು ಇಲ್ಲೂ ಇದೆ. 27ಕ್ಕೆ ಒಂದು, 29ಕ್ಕೆ ಒಂದು ಅಂತ ನಿಮ್ಮಲ್ಲಿ ಪಾಲು ಹೋದದ್ದಕ್ಕೆ ಈ ಲೆಕ್ಕ ಸರಿಯಾಗಿ ಹೊಂದುತ್ತದೆ.

ಮೂರನೇ ಗುಂಪು ಯಾಕೆ ಮರದ ತುದಿಗೆ ಹೋಯಿತು ಅನ್ನುವುದಕ್ಕೂ ಇದರಲ್ಲೇ ಉತ್ತರ ಇದೆ. ಹಳೇ ರಾಣಿ ಭಾರ, ಬೇಗ ಆಯಾಸವಾಗಿ ಕೈಗೆಟುಕುವ ಟೊಂಗೆಗೆ ಕೂರುತ್ತಾಳೆ. ಕನ್ಯಾರಾಣಿ, ಅಂದರೆ ಇನ್ನೂ ಗಂಡು ಹುಳದ ಜೊತೆ ಕೂಡದ ಹೊಸ ರಾಣಿ, ಹಗುರ, ಚುರುಕು, ಎತ್ತರಕ್ಕೆ ಹಾರುತ್ತಾಳೆ. ಕೂತಲ್ಲೂ ಆ ಗುಂಪಿಗೆ ನೆಲೆ ಇರುವುದಿಲ್ಲ. ಕೆಲವೊಮ್ಮೆ ಒಂದೇ ಗುಂಪಿನಲ್ಲಿ ಇಬ್ಬರು ಮೂವರು ರಾಣಿಯರು ಇರುತ್ತಾರೆ. ಹೊರಡುವ ಗದ್ದಲದಲ್ಲಿ ಕಾವಲು ಸಡಿಲವಾಗಿ ಕೋಶದಲ್ಲಿದ್ದವರೂ ಹೊರಬಂದು ಜೊತೆಗೆ ಹಾರಿಬಿಡುತ್ತಾರೆ. ತಾಟು ಬಡಿದರೆ ಗುಂಪು ಇಳಿಯುತ್ತದೆ ಅನ್ನುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ನೀರು ಚಿಮುಕಿಸಿದರೆ ಪ್ರಯೋಜನ ಇದೆ, ಆದರೆ ಆ ಎತ್ತರಕ್ಕೆ ನೀರು ಮುಟ್ಟಬೇಕಲ್ಲ.

ಜೇನಿಗೆ ಇದರಿಂದ ಏನು ಲಾಭ ಅಂತ ನೀವು ಕೇಳಬಹುದು. ಒಂದು ಹುಳ ಒಂಟಿಯಾಗಿ ಬದುಕಲಾರದು, ರಾಣಿಯೂ ಬದುಕಲಾರಳು. ಇಡೀ ಸಂಸಾರವೇ ಒಂದು ಪ್ರಾಣಿ ಇದ್ದ ಹಾಗೆ. ಆ ಪ್ರಾಣಿಗೆ ಮಕ್ಕಳಾಗುವುದು ಅಂದರೆ ಪಾಲಾಗುವುದು. ಮರದ ಪೊಟರೆ ಸೇರಿದ ಪಾಲುಗಳಲ್ಲಿ ಎಷ್ಟೋ ಸತ್ತುಹೋಗುತ್ತವೆ. ಅದಕ್ಕೇ ಬಲ ಇದ್ದ ವರ್ಷ ಒಂದರ ಬದಲು ಎರಡು ಮೂರು ಕಳಿಸಿ ನೋಡುತ್ತದೆ. ನಿಮ್ಮ ಕಡೆ ಕಾಲವೂ ಇದಕ್ಕೆ ಒಪ್ಪುತ್ತದೆ. ಜನವರಿಯಲ್ಲಿ ಹೊರಟ ಪಾಲಿಗೆ ಗೇರು, ಮಾವು, ನೇರಳೆ, ಕಾಡಿನ ಹೂ ಅಂತ ಜೂನ್ ಮಳೆ ಹಿಡಿಯುವ ತನಕ ನಾಲ್ಕೂವರೆ ತಿಂಗಳು ಸಿಗುತ್ತವೆ. ಚಿಕ್ಕ ಗುಂಪೂ ಎರಿ ಕಟ್ಟಿಕೊಳ್ಳಬಹುದು. ಇದೇ ಪಾಲು ಮೇ ಕೊನೆಗೆ ಹೊರಟಿದ್ದರೆ ಕಣಕುಂಬಿ, ಜಾಂಬೋಟಿ ಮಳೆಯಲ್ಲಿ ಬದುಕುವುದು ಕಷ್ಟವಿತ್ತು.

ಪಾಲಾಗುವುದು ಯಾವಾಗ ನಿಲ್ಲುತ್ತದೆ? ಇನ್ನು ಕಳಿಸುವಷ್ಟು ಹುಳ ಇಲ್ಲ, ಹುಟ್ಟುವ ಮರಿಯೂ ಕಡಿಮೆ ಅಂತಾದಾಗ ಕೆಲಸಗಾರರು ಕಾವಲು ತೆಗೆದುಬಿಡುತ್ತವೆ. ಹೊರಗಿರುವ ರಾಣಿ ಉಳಿದ ತಂಗಿಯರನ್ನು ಮುಗಿಸುತ್ತಾಳೆ, ಕೆಲಸಗಾರರೂ ಕೋಶಗಳನ್ನು ಕಿತ್ತುಹಾಕುತ್ತವೆ. ಇದನ್ನು ನೀವು ಇವತ್ತೂ ನೋಡಬಹುದು. ಹಳೇ ಪೆಟ್ಟಿಗೆಯ ಎರಿ ಎತ್ತಿ, ಕೆಳ ಅಂಚಿನ ಖಾಲಿ ಕೋಶಗಳನ್ನು ಬೆಳಕಿಗೆ ಹಿಡಿಯಿರಿ. ತುದಿಯಲ್ಲಿ ದುಂಡಗೆ ಕತ್ತರಿಸಿ, ಡಬ್ಬಿಯ ಮುಚ್ಚಳ ಒಂದು ಕಡೆ ಹಿಡಿದುಕೊಂಡ ಹಾಗೆ ಜೋತಾಡುತ್ತಿದ್ದರೆ ಆ ಕೋಶದಿಂದ ರಾಣಿ ತಾನಾಗಿ ಹೊರಬಂದಿದ್ದಾಳೆ. ಪಕ್ಕದಲ್ಲಿ ಹರಿದು ತೂತಾಗಿದ್ದರೆ ಒಳಗಿದ್ದವಳನ್ನು ಕೊಂದಿದ್ದಾರೆ. ಕಿತ್ತುಹಾಕಿದ ಕೋಶದ ಬುಡವಷ್ಟೇ ಉಳಿದಿರುವುದೂ ಉಂಟು. ದುಂಡಗೆ ತೆರೆದವು ಎಷ್ಟು, ಹರಿದವು ಎಷ್ಟು ಅಂತ ಎಣಿಸಿ. ಒಂದಾದರೂ ಹರಿದ ಕೋಶ ಕಂಡರೆ ಕಾವಲು ಮುಗಿದಿದೆ, ಆ ಪೆಟ್ಟಿಗೆ ಇನ್ನು ಪಾಲಾಗುವುದಿಲ್ಲ ಅಂತ ನೀವು ಹೆಚ್ಚುಕಡಿಮೆ ನಂಬಬಹುದು.

ಹಾಗಾದರೆ ತಡೆಯಬಹುದಿತ್ತಾ? ಮೊದಲನೇ ಪಾಲು ಹೋದ ಮೇಲೂ ಎರಡನೇದನ್ನು ತಡೆಯಬಹುದಿತ್ತು. ಅದಕ್ಕೆ ಒಂದೇ ದಿನದ ಕೆಲಸ ಸಾಕು. ಆ ದಿನ ಯಾವುದು ಅನ್ನುವುದೇ ಮುಖ್ಯ. ಪಾಲು ಹೋದ ಆರನೇ ದಿನ. ನಿಮ್ಮ ಲೆಕ್ಕದಲ್ಲಿ ಜನವರಿ 24.

ಯಾಕೆ ಆರನೇ ದಿನ ಅಂದರೆ, ಪಾಲು ಹೋದ ಮರುದಿನವೇ ನೀವು ಕೋಶ ಕಿತ್ತರೆ ಹುಳಗಳು ಮತ್ತೆ ಕಟ್ಟುತ್ತವೆ. ಎರಿಯಲ್ಲಿ ಇನ್ನೂ ಮೊಟ್ಟೆ ಇರುತ್ತದೆ, ಎಳೇ ಮರಿ ಇರುತ್ತದೆ. ಕೆಲಸಗಾರ ಆಗಬೇಕಾಗಿದ್ದ ಎಳೇ ಮರಿಗೆ ರಾಯಲ್ ಜೆಲ್ಲಿ ಅನ್ನುವ ವಿಶೇಷ ಊಟ ತಿನ್ನಿಸಿ ರಾಣಿ ಮಾಡುವುದು ಅವಕ್ಕೆ ಗೊತ್ತು. ಆದರೆ ತಾಯಿ ಹೋದ ದಿನ ಇಟ್ಟ ಕಟ್ಟಕಡೆಯ ಮೊಟ್ಟೆ ಕೂಡ ಮೂರು ದಿನಕ್ಕೆ ಮರಿಯಾಗುತ್ತದೆ. ಇನ್ನು ಮೂರು ದಿನ ಕಳೆದರೆ ಆ ಮರಿಯ ವಯಸ್ಸು ಮೀರುತ್ತದೆ, ಅದರಿಂದ ಒಳ್ಳೆಯ ರಾಣಿ ಆಗುವುದಿಲ್ಲ. ಇನ್ನೊಂದು ಕಡೆ, ಏಳನೇ ಎಂಟನೇ ದಿನ ಮೊದಲ ರಾಣಿ ಹುಟ್ಟಿಬಿಡುತ್ತಾಳೆ. ಇವೆರಡರ ನಡುವೆ ಸಿಗುವುದು ಆ ಒಂದು ದಿನ. ಅವತ್ತು ಒಂದು ಕೋಶ ಬಿಟ್ಟು ಉಳಿದ ಎಲ್ಲವನ್ನೂ ತೆಗೆದರೆ, ಹುಳಗಳಿಗೆ ಹೊಸದು ಕಟ್ಟಲು ಸಾಮಾನು ಇರುವುದಿಲ್ಲ.

ಯಾವ ಕೋಶ ಬಿಡಬೇಕು? ದೊಡ್ಡದು, ನೆಟ್ಟಗಿರುವುದು, ಹುಳ ಜಾಸ್ತಿ ಮುತ್ತಿರುವ ಎರಿಯಲ್ಲಿರುವುದು. ಆ ಎರಿಯನ್ನು ಕೊಡವಬೇಡಿ. ಒಳಗೆ ತಲೆಕೆಳಗಾಗಿ ತೂಗುತ್ತಿರುವ ಎಳೇ ರಾಣಿಗೆ ಪೆಟ್ಟಾಗುತ್ತದೆ. ಹುಳಗಳನ್ನು ಮೆತ್ತನೆಯ ಬ್ರಷ್ಷಿನಿಂದ ಅಥವಾ ಹುಲ್ಲಿನ ಕುಚ್ಚಿನಿಂದ ಸರಿಸಿ. ಉಳಿದ ಎರಿಗಳನ್ನು ಮಾತ್ರ ಪೆಟ್ಟಿಗೆಯೊಳಗೇ ಕೊಡವಿ ನೋಡಿ. ಕೋಶ ಮೂಲೆಯಲ್ಲಿ, ಎರಿಯ ಸಂದಿಯಲ್ಲಿ, ಹುಳಗಳ ಗುಂಪಿನ ಹಿಂದೆ ಅಡಗಿರುತ್ತದೆ. ಒಂದು ಕಣ್ತಪ್ಪಿ ಉಳಿದರೂ ಮಾಡಿದ ಕೆಲಸವೆಲ್ಲ ವ್ಯರ್ಥ.

'ಒಂದು ಹಾಳಾದರೆ ಇನ್ನೊಂದು ಇರಲಿ' ಅಂತ ಎರಡು ಕೋಶ ಬಿಡುವವರು ಬಹಳ. ನಾನು ಇದನ್ನು ಒಪ್ಪುವುದಿಲ್ಲ. ಬಲವಾದ ಪೆಟ್ಟಿಗೆಯಲ್ಲಿ ಎರಡು ಕೋಶ ಅಂದರೆ ಇನ್ನೊಂದು ಪಾಲಿಗೆ ದಾರಿ. ಹೆದರಿಕೆ ಇದ್ದರೆ ಎರಡನೇ ಕೋಶ ಇರುವ ಎರಿಯನ್ನು ಹುಳ ಸಮೇತ ಚಿಕ್ಕ ಪೆಟ್ಟಿಗೆಗೆ ಹಾಕಿ ಬೇರೆ ಕಡೆ ಇಡಿ.

ಎಲ್ಲ ಕೋಶವನ್ನೂ ಮಾತ್ರ ಎಂದೂ ಕೀಳಬೇಡಿ. ಜೇನು ಹಿಡಿದ ಎರಡನೇ ವರ್ಷ ನಾನು ಆ ತಪ್ಪು ಮಾಡಿದೆ. ಪೆಟ್ಟಿಗೆ ತೆರೆದಾಗ ಕೋಶಗಳು ಕಂಡವು. ಪಾಲಾಗುವ ಮೊದಲೇ ತಡೆಯಬೇಕು ಅಂತ ಒಂದೂ ಬಿಡದೆ ಕತ್ತರಿಸಿದೆ. ನಾನು ಇಲ್ಲದ ಹೊತ್ತಿನಲ್ಲಿ ಹಳೇ ರಾಣಿ ಹೊರಟುಹೋಗಿ ವಾರವಾಗಿತ್ತು. ಎರಿಯಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಅಂತ ಮೊದಲು ನೋಡಬೇಕಿತ್ತು, ನೋಡಲಿಲ್ಲ. ಇದ್ದ ಕೋಶಗಳೇ ಆ ಸಂಸಾರದ ಕೊನೆಯ ಆಸೆಯಾಗಿದ್ದವು. ತಿಂಗಳೊಳಗೆ ಎರಿ ತಿನ್ನುವ ಮೇಣದ ಹುಳು ಹೊಕ್ಕು ಪೆಟ್ಟಿಗೆ ಹಾಳಾಯಿತು. ಇವತ್ತಿಗೂ ಕೋಶಕ್ಕೆ ಚಾಕು ಮುಟ್ಟಿಸುವ ಮೊದಲು ಮೊಟ್ಟೆ ಹುಡುಕುತ್ತೇನೆ.

ಈಗ ನಿಮ್ಮ ಹಳೇ ಪೆಟ್ಟಿಗೆ. ಅದರಲ್ಲಿ ಉಳಿದಿರುವ ರಾಣಿ ಜನವರಿ ಕೊನೆಗೆ ಹೊರಬಂದಿರಬೇಕು. ಹೊರಬಂದು ಐದಾರು ದಿನಕ್ಕೆ ಮೇಲೆ ಹಾರಿ ಗಂಡು ಹುಳಗಳ ಜೊತೆ ಕೂಡಿ ಬರುತ್ತಾಳೆ, ಇನ್ನು ಎರಡು ಮೂರು ದಿನಕ್ಕೆ ಮೊಟ್ಟೆ ಶುರು ಮಾಡುತ್ತಾಳೆ. ಈ ಹಾರಾಟದಲ್ಲೇ ಅಪಾಯ ಜಾಸ್ತಿ. ಕಳ್ಳಿಪೀರ ಹಕ್ಕಿ ಹಿಡಿಯಬಹುದು, ವಾಪಸು ಬರುವಾಗ ಪಕ್ಕದ ಪೆಟ್ಟಿಗೆಗೆ ಹೊಕ್ಕು ಸಾಯಬಹುದು. ಆದ್ದರಿಂದ ಫೆಬ್ರವರಿ ಮಧ್ಯದ ತನಕ ಪೆಟ್ಟಿಗೆ ಕದಲಿಸಬೇಡಿ, ಮೇಲಿಂದ ಮೇಲೆ ತೆರೆಯಬೇಡಿ, ರಾಣಿ ಹೊರಗೆ ಹೋಗದಂತೆ ತಡೆಯುವ ರಾಣಿ ಗೇಟನ್ನು ಬಾಗಿಲಿಗೆ ಹಾಕಬೇಡಿ.

ಅಷ್ಟರೊಳಗೆ ಇಷ್ಟು ಮಾಡಿ. ಹುಳ ಮುಚ್ಚುವಷ್ಟೇ, ಅಂದರೆ ಎರಡೇ ಎರಿ ಬಿಟ್ಟು ಉಳಿದವನ್ನು ತೆಗೆಯಿರಿ. ಹುಳ ಇಲ್ಲದ ಎರಿ ಮೇಣದ ಹುಳುವಿಗೆ ಮನೆ. ಬಾಗಿಲನ್ನು ಎರಡು ಮೂರು ಹುಳ ಒಟ್ಟಿಗೆ ಓಡಾಡುವಷ್ಟು ಕಿರಿದು ಮಾಡಿ. ಸಕ್ಕರೆ ಮತ್ತು ನೀರು ಸಮಸಮ ಕಲಸಿದ ಪಾಕವನ್ನು ಕತ್ತಲಾದ ಮೇಲೆ ಸ್ವಲ್ಪ ಸ್ವಲ್ಪ ಇಡಿ. ಹಗಲು ಇಟ್ಟರೆ ಬೇರೆ ಪೆಟ್ಟಿಗೆಯ ಹುಳ ಬಂದು ದೋಚುತ್ತವೆ.

ಫೆಬ್ರವರಿ ಮಧ್ಯಕ್ಕೆ ಬೆಳಗಿನ ಬಿಸಿಲಿನಲ್ಲಿ, ಸೂರ್ಯ ನಿಮ್ಮ ಬೆನ್ನಿಗೆ ಬರುವ ಹಾಗೆ ನಿಂತು ಎರಿ ನೋಡಿ. ಕಣದ ತಳದಲ್ಲಿ ಬಿಳಿ ನೂಲಿನ ಚೂರಿನಂತೆ ಒಂದೊಂದೇ ಮೊಟ್ಟೆ ನಿಂತಿದ್ದರೆ ರಾಣಿ ಕೂಡಿ ಬಂದಿದ್ದಾಳೆ. ಆಮೇಲೆ ಅವಸರ ಬೇಡ, ಆ ಪೆಟ್ಟಿಗೆ ನಿಧಾನಕ್ಕೆ ಬಲಿಯುತ್ತದೆ. ಒಂದು ಕಣಕ್ಕೆ ಎರಡು ಮೂರು ಮೊಟ್ಟೆ, ಗೋಡೆಗೆ ಅಂಟಿದ ಮೊಟ್ಟೆ ಕಂಡರೆ ಅದು ಕೆಲಸಗಾರರು ಇಟ್ಟದ್ದು. ರಾಣಿ ಇಲ್ಲ. ತುಡುವೆಯಲ್ಲಿ ಈ ಕಾಟ ಬಹಳ ಬೇಗ ಬರುತ್ತದೆ. ಮೊಟ್ಟೆಯೇ ಇಲ್ಲದಿದ್ದರೆ ನಿಮ್ಮ ಇನ್ನೊಂದು ಪೆಟ್ಟಿಗೆಯಿಂದ ಮೊಟ್ಟೆ ಇರುವ ಒಂದು ಎರಿ ಕೊಟ್ಟು ನೋಡಿ. ಮೂರು ದಿನದಲ್ಲಿ ಅದರ ಮೇಲೆ ರಾಣಿ ಕೋಶ ಕಟ್ಟಲು ಶುರು ಮಾಡಿದರೆ ರಾಣಿ ಇಲ್ಲ ಅಂತ ಖಾತ್ರಿ. ಎರಿ ಕೊಡುವ ಮೊದಲು ಅದರಲ್ಲಿ ನೀರು ತುಂಬಿದ ಚೀಲದಂತೆ ಸತ್ತ ಮರಿ ಇಲ್ಲ ಅಂತ ನೋಡಿಕೊಳ್ಳಿ. 1991-92ರಲ್ಲಿ ನಮ್ಮ ರಾಜ್ಯದ ತುಡುವೆ ಪೆಟ್ಟಿಗೆಗಳನ್ನು ಖಾಲಿ ಮಾಡಿದ ಥಾಯ್ ಸ್ಯಾಕ್‌ಬ್ರೂಡ್ ರೋಗದ ಗುರುತು ಅದು.

ರಾಣಿ ಇಲ್ಲದಿದ್ದರೆ ನನ್ನ ಸಲಹೆ, ಎರಡು ಎರಿ ಹುಳಕ್ಕೆ ಹೊಸ ರಾಣಿ ಮಾಡಿಸಲು ಹೋಗದೆ 27ರ ಪಾಲಿನ ಜೊತೆ ಕೂಡಿಸಿಬಿಡಿ. ಆ ಪಾಲಿನಲ್ಲಿ ಮೊಟ್ಟೆ ಇದೆ ಅಂತ ಮೊದಲು ನೋಡಿಕೊಳ್ಳಿ. ಆ ಪೆಟ್ಟಿಗೆಯನ್ನು ದಿನಕ್ಕೆ ಒಂದೆರಡು ಅಡಿಯಂತೆ ಹಳೇ ಪೆಟ್ಟಿಗೆಯ ಹತ್ತಿರ ತನ್ನಿ. ಪಕ್ಕಕ್ಕೆ ಬಂದ ಮೇಲೆ ಒಂದು ಸಂಜೆ ಅದರ ಮೇಲೆ ಪೇಪರ್ ಹಾಳೆ ಹಾಸಿ, ಸೂಜಿಯಿಂದ ಹತ್ತಾರು ತೂತು ಮಾಡಿ, ಮೇಲೆ ಹಳೇ ಪೆಟ್ಟಿಗೆಯ ಸಂಸಾರ ಕೋಣೆ (ರಾಣಿ, ಮರಿ ಇರುವ ಕೆಳಗಿನ ಅಂತಸ್ತು) ಇಡಿ. ಎರಡು ಮೂರು ದಿನದಲ್ಲಿ ಹುಳಗಳು ಹಾಳೆ ಕಡಿದು, ವಾಸನೆ ಬೆರೆತು, ಜಗಳವಿಲ್ಲದೆ ಒಂದಾಗುತ್ತವೆ.

ಕೊನೆಗೆ ಇನ್ನೊಂದು ವಿಷಯ, ಇದು ತುರ್ತು. ನಿಮ್ಮ ಎರಡನೇ ಪೆಟ್ಟಿಗೆ ಇನ್ನೂ ಪಾಲಾಗಿಲ್ಲ ಅಲ್ವಾ? ಅದೇ ತೋಪು, ಅದೇ ಮೇವು. ಇದನ್ನು ಓದಿದ ದಿನವೇ ಅದರ ತಳದ ಹಲಗೆ ನೋಡಿ. ಅಂಗಿ ಗುಂಡಿಯಂತೆ ನಡುವೆ ತೂತಿರುವ ಸಣ್ಣ ಸಣ್ಣ ಮುಚ್ಚಳಗಳು ಬಿದ್ದಿದ್ದರೆ ಅವು ಗಂಡು ಹುಳ ಹುಟ್ಟಿದ ಕಣಗಳ ಮುಚ್ಚಳ. ತುಡುವೆಯಲ್ಲಿ ಗಂಡು ಹುಳದ ಕಣಕ್ಕೆ ಮಾತ್ರ ಹೀಗೆ ತೂತು ಇರುತ್ತದೆ. ಗಂಡು ಹುಳ ಹುಟ್ಟಿವೆ ಅಂದರೆ ಪಾಲಾಗುವ ತಯಾರಿ ನಡೆದಿದೆ. ಮೇಲೆ ಜೇನು ಕೋಣೆ (ತುಪ್ಪ ಕೂಡಿಡುವ ಮೇಲಿನ ಅಂತಸ್ತು) ಇಲ್ಲದಿದ್ದರೆ ಇವತ್ತೇ ಏರಿಸಿ. ಸಂಸಾರ ಕೋಣೆಯನ್ನು ಸ್ವಲ್ಪ ಓರೆ ಮಾಡಿ ಎರಿಗಳ ಕೆಳ ಅಂಚು ನೋಡಿ. ಏಳು ದಿನಕ್ಕೊಮ್ಮೆ ನೋಡಿದರೆ ಸಾಕು. ಮೊಟ್ಟೆ ಇಟ್ಟು ಕೋಶ ಮುಚ್ಚಲು ಎಂಟು ದಿನ ಬೇಕು, ನಿಮ್ಮ ಕಣ್ಣು ತಪ್ಪಿಸಿ ಯಾವುದೂ ಮುಚ್ಚಲಾರದು.

ಮರಿ ಇರುವ, ಇನ್ನೂ ಬಾಯಿ ಮುಚ್ಚದ ಕೋಶ ಕಂಡರೆ, ಅವು ಪಾಲಾಗುವ ಮೊದಲು ನೀವೇ ಪಾಲು ಮಾಡಿಕೊಡಿ. ಹಳೇ ರಾಣಿ ಇರುವ ಎರಿ, ಅದರ ಜೊತೆ ಮರಿ ಮತ್ತು ತುಪ್ಪ ಇರುವ ಇನ್ನೆರಡು ಎರಿ, ಹುಳ ಸಮೇತ ಹೊಸ ಪೆಟ್ಟಿಗೆಗೆ. ಆ ಮೂರು ಎರಿಯ ಮೇಲೆ ಕೋಶ ಇದ್ದರೆ ತೆಗೆದುಬಿಡಿ. ತಾಯಿ ಹೊರಟ ದಿನ ಅದು ಅಂತ ತಿಳಿದು, ಹಳೇ ಪೆಟ್ಟಿಗೆಯ ಮುಚ್ಚಳದ ಒಳಗೆ ಸೀಮೆಸುಣ್ಣದಲ್ಲಿ ತಾರೀಕು ಬರೆಯಿರಿ. ಅದರ ಕೆಳಗೆ ಆರು ದಿನ ಕೂಡಿಸಿ ಇನ್ನೊಂದು ತಾರೀಕು ಬರೆಯಿರಿ. ಆ ದಿನ ಬೆಳಿಗ್ಗೆ ಹೊಗೆತಿದಿ, ಚಾಕು, ಮೆತ್ತನೆಯ ಬ್ರಷ್ಷು ತಗೊಂಡು ಪೆಟ್ಟಿಗೆ ತೆರೆಯಿರಿ, ಒಂದು ಕೋಶ ಬಿಡಿ.